ನೆಲ ಮುಟ್ಟುವ ಹೊತ್ತು

ಶಾಲೆಯ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ಸಂಪಾದಕ ಮಂಡಳಿಯ ವಿದ್ಯಾರ್ಥಿಗಳು ಹದಿನೈದು ದಿನಗಳಿಂದ ನಮ್ಮ ಬೆನ್ನು ಹತ್ತಿದ್ದಾರೆ. ಪ್ರತಿವರ್ಷವೂ ಗಾದೆಗಳ ಬಗೆಗೋ ಸಮಯಪಾಲನೆಯ ಬಗೆಗೋ ಎರಡು ಪುಟ ಬರೆದು ಪಾರಾಗುತ್ತಿದ್ದ ನಾವು, ಈ ಸಲ ವಿಮಾನ ಇಳಿಸುವುದರ ಬಗೆಗೆ ಬರೆಯುತ್ತೇವೆ ಎಂದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಅನುಮಾನ ಸಹಜವೇ. ನಾವು ಕನ್ನಡ ಪಾಠ ಹೇಳುವವರು, ವಿಜ್ಞಾನದವರಲ್ಲ. ವಿಮಾನವನ್ನು ಇದುವರೆಗೆ ಹತ್ತಿದವರೂ ಅಲ್ಲ. ಆದರೆ ವಿಮಾನ ನಡೆಸುವ ಒಬ್ಬ ಹುಡುಗನನ್ನು ಬಲ್ಲೆವು; ಅವನಿಗೆ ನಾವು ತೀರಿಸಬೇಕಾದ ಹಳೆಯ ಲೆಕ್ಕವೊಂದಿದೆ. ಅದು ತುಂಗಭದ್ರೆಯ ದಡದಿಂದ ಶುರುವಾಗುತ್ತದೆ.

ನಾಗಲದಿನ್ನೆ ನಮ್ಮ ಅಕ್ಕನನ್ನು ಕೊಟ್ಟ ಊರು. ಹೊಳೆಯ ಈಚೆ ದಡದ ಮೇಲಿದೆ. ಆಚೆ ದಡದಿಂದ ಐಜದ ದಾರಿ. ನಡುವೆ ಇದ್ದ ಸೇತುವೆ 2009ರ ಅಕ್ಟೋಬರಿನ ಮಹಾಪ್ರವಾಹದಲ್ಲಿ ಕೊಚ್ಚಿಹೋಯಿತು. ಮಂತ್ರಾಲಯವೂ ಕರ್ನೂಲು ಪಟ್ಟಣವೂ ನೀರಿನಲ್ಲಿ ಮುಳುಗಿದ ಪ್ರವಾಹವದು. ಪಾಲಕರಲ್ಲಿ ಅನೇಕರಿಗೆ ಆ ದಿನಗಳು ಈಗಲೂ ಕಣ್ಣಿಗೆ ಕಟ್ಟಿದಂತಿರಬಹುದು. ಸೇತುವೆ ಹೋದ ಮೇಲೆ ಎರಡೂ ದಡಗಳಲ್ಲಿ ಬೀಗತನ ಇಟ್ಟುಕೊಂಡವರಿಗೆ ಹರಿಗೋಲೇ ಗತಿಯಾಯಿತು.

ಮುಂದಿನ ವರ್ಷ ಮಾಘಮಾಸದಲ್ಲಿ ಆಚೆ ದಡದ ಒಂದು ಮದುವೆಗೆ ನಾವು ಹೊರಟೆವು. ಜೊತೆಗೆ ಅಕ್ಕನ ಮಗ. ಆಗ ಅವನಿಗೆ ಹದಿಮೂರು ವರ್ಷ. ನಮ್ಮ ಮನೆಯಲ್ಲಿದ್ದುಕೊಂಡು ನಮ್ಮ ಶಾಲೆಯಲ್ಲೇ ಎಂಟನೆಯ ತರಗತಿ ಓದುತ್ತಿದ್ದ. ಹರಿಗೋಲಿನಲ್ಲಿ ಒಂಬತ್ತು ಜನ, ಒಂದು ಸೈಕಲ್ಲು, ನಾಲ್ಕಾರು ಗಂಟು. ಅಂಬಿಗ ವಯಸ್ಸಾದವನು, ನುರಿತವನು. ಹೋಗಬೇಕಾದ ಜಾಗಕ್ಕೆ ನೇರವಾಗಿ ಬಿಡದೆ, ಈ ದಡದಲ್ಲೇ ಹರಿಗೋಲನ್ನು ಮೇಲಕ್ಕೆ ಬಹುದೂರ ಎಳೆದುಕೊಂಡು ಹೋಗಿ ಅಲ್ಲಿಂದ ಹುಟ್ಟು ಹಾಕಿದ. ನೀರು ತಳ್ಳುತ್ತ ತಳ್ಳುತ್ತ ನಮ್ಮನ್ನು ಸರಿಯಾದ ಜಾಗಕ್ಕೆ ತಾನೇ ತರುತ್ತದೆಂಬುದು ಅವನ ಲೆಕ್ಕ. ಹುಡುಗ ಕುತೂಹಲದಿಂದ ನೋಡುತ್ತಿದ್ದುದನ್ನು ಕಂಡು, "ನೀರು ನೋಡಬ್ಯಾಡ ಮಗಾ, ತಲಿ ತಿರುಗ್ತೈತೆ. ಆಚೆ ಹುಣಿಸೀಮರ ನೋಡು" ಎಂದ. ಹುಡುಗ ಮರ ನೋಡಿದ, ನೀರನ್ನೂ ನೋಡಿದ.

ನಡುಹೊಳೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದಿದ್ದೆವು. ಆಚೆ ದಡ ನಾಲ್ಕು ಮಾರು ಇದೆ ಎನ್ನುವಾಗ ಎಲ್ಲರಿಗೂ ಧೈರ್ಯ ಬಂತು, ಧೈರ್ಯದೊಡನೆ ಮಾತು ಬಂತು. ಸೈಕಲ್ಲಿಗೆ ಬೇರೆ ಬಾಡಿಗೆ ಕೊಡಬೇಕೇ ಬೇಡವೇ ಎಂದು ಸೈಕಲ್ಲಿನವನಿಗೂ ಅಂಬಿಗನಿಗೂ ವಾದ ಹತ್ತಿತು. ಉಳಿದವರೆಲ್ಲ ಪಂಚಾಯಿತರಾದರು. ನಾವೂ ಒಂದು ತೀರ್ಪು ಕೊಡುತ್ತಿದ್ದೆವು. ಆಗ ಹುಡುಗ ನಮ್ಮ ಅಂಗಿಯ ತೋಳು ಜಗ್ಗಿ, "ಮಾಮ, ಮಾಮ, ಅಲ್ಲಿ..." ಎಂದ. "ದೊಡ್ಡೋರು ಮಾತಾಡೋವಾಗ ಸುಮ್ಮನಿರೋ" ಎಂದು ಗದರಿದೆವು. ಅವನು ಸುಮ್ಮನಾದ. ಮರುಕ್ಷಣ ಕೆಳಗಿನಿಂದ ಬಟ್ಟೆ ಹರಿದಂಥ ಸದ್ದು. ಬಿದ್ದ ಸೇತುವೆಯ ತುಂಡೊಂದು ಅಲ್ಲಿ ನೀರಿನಡಿ ಮಲಗಿತ್ತು. ಅದರಿಂದ ಹೊರಚಾಚಿದ ಕಬ್ಬಿಣದ ಸಲಾಕೆ ಹರಿಗೋಲಿನ ತಳವನ್ನು ಸೀಳಿತ್ತು. ನೀರು ಸೊಂಟದವರೆಗೆ ಮಾತ್ರ ಇದ್ದುದರಿಂದ ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಒಬ್ಬ ತಾಯಿಯ ಕಂಕುಳಿನ ಕೂಸು ಒಂದು ಗಳಿಗೆ ನೀರೊಳಗೆ ಹೋಗಿ ಬಂತು. ಅದೇ ಸಲಾಕೆ ನಮ್ಮ ಹುಡುಗನ ಮೀನಖಂಡವನ್ನು ಮೂಳೆಯವರೆಗೆ ಕೊಯ್ದಿತ್ತು. ಬೇಸಿಗೆ ಮುಗಿಯುವವರೆಗೂ ಅವನು ಕುಂಟಿದ.

ಅವನು ಕಂಡದ್ದು ಆ ಸಲಾಕೆಯ ತುದಿಯನ್ನೇ. ಒಂಬತ್ತು ಜನರಲ್ಲಿ ಕಂಡವನು ಅವನೊಬ್ಬನೇ. ಹೇಳಲು ಬಾಯಿ ತೆರೆದವನೂ ಅವನೇ. ಅಕ್ಕ ನಮ್ಮನ್ನು ಒಂದು ಮಾತೂ ಆಡಲಿಲ್ಲ, ಯಾಕೆಂದರೆ ಹುಡುಗ ಮನೆಯಲ್ಲಿ ನಾವು ಗದರಿದ ಸಂಗತಿಯನ್ನೇ ಹೇಳಿರಲಿಲ್ಲ.

ಆ ಹುಡುಗ ಮುಂದೆ ವಿಮಾನ ನಡೆಸುವುದನ್ನು ಕಲಿಯುತ್ತೇನೆಂದು ಹಟ ಹಿಡಿದ. ಭಾವನವರು ಹೊಲ ಮಾರಿ, ಬ್ಯಾಂಕಿನಲ್ಲಿ ಸಾಲ ಎತ್ತಿ, ಹೊರರಾಜ್ಯದ ಒಂದು ತರಬೇತಿ ಶಾಲೆಗೆ ಸೇರಿಸಿದರು. ಈ ದೀಪಾವಳಿಗೆ ಊರಿಗೆ ಬಂದಿದ್ದಾಗ ಅಕ್ಕನ ಮನೆಯ ಅಂಗಳದಲ್ಲಿ ಕೂತು ನಾವು ಕೇಳಿದೆವು: "ಅಲ್ಲೋ, ಅಷ್ಟು ಎತ್ತರದಾಗೆ ಹಾರೋದಕ್ಕೆ ಭಯ ಆಗಲ್ವೇನೋ?" ಅವನು ನಕ್ಕ. "ಎತ್ತರದಾಗೆ ಏನೂ ಭಯ ಇಲ್ಲ ಮಾಮ. ಏನಾದ್ರೂ ತಪ್ಪಿದ್ರೆ ತಿದ್ದಿಕೊಳ್ಳಾಕೆ ಹೊತ್ತು ಇರ್ತೈತೆ. ಭಯ ಇರೋದು ನೆಲ ಹತ್ರ ಬಂದಾಗ."

ಆಮೇಲೆ ಅಕ್ಕನ ರಂಗೋಲಿ ಬಟ್ಟಲು ಎಳೆದುಕೊಂಡು ಅಂಗಳದಲ್ಲಿ ಉದ್ದನೆಯ ಒಂದು ಚೌಕ ಬರೆದ. ಚಿಕ್ಕ ವಿಮಾನಗಳು ಆಕಾಶದಿಂದ ನೆಟ್ಟಗೆ ಬಂದು ಇಳಿಯುತ್ತವೆಂದು ನಾವು ತಿಳಿದಿದ್ದೆವು. ಹಾಗಲ್ಲವಂತೆ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ಹಾಗೆ ಇಳಿದರೆ ನೆಲದ ಮೇಲಿನ ವೇಗ ಕಡಿಮೆಯಾಗಿ ಬೇಗ ನಿಲ್ಲುತ್ತದೆ. ಅದಕ್ಕೇ ಮೊದಲು ಮೈದಾನದ ಬದಿಯ ಗಾಳಿಚೀಲವನ್ನು ನೋಡಬೇಕು. ಬಳಿಕ ರನ್‌ವೇಗೆ ಸಮನಾಗಿ, ಇಳಿಯುವ ದಿಕ್ಕಿಗೆ ವಿರುದ್ಧವಾಗಿ, ನೆಲದಿಂದ ಸಾಮಾನ್ಯವಾಗಿ 1,000 ಅಡಿ ಎತ್ತರದಲ್ಲಿ ಸಾಗಬೇಕು. ಇದಕ್ಕೆ ಡೌನ್‌ವಿಂಡ್ ಎನ್ನುತ್ತಾರೆ. ರನ್‌ವೇಯ ತುದಿ ದಾಟಿದ ಮೇಲೆ ಒಂದು ತಿರುವು, ಅದು ಬೇಸ್. ಮತ್ತೊಂದು ತಿರುವು ತೆಗೆದುಕೊಂಡರೆ ರನ್‌ವೇ ಮೂಗಿನ ನೇರಕ್ಕೆ ಬರುತ್ತದೆ, ಅದು ಫೈನಲ್. ಸೆಸ್ನಾ 172 ಎಂಬ ನಾಲ್ಕು ಆಸನಗಳ ವಿಮಾನವಾದರೆ ಕೊನೆಯ ಹಂತದಲ್ಲಿ ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗದಲ್ಲಿ ಇಳಿದು ಬರುತ್ತದೆ. ಆ ಚೌಕದ ಪ್ರತಿಯೊಂದು ಬದಿಯಲ್ಲೂ ತಾನೆಲ್ಲಿದ್ದೇನೆಂದು ರೇಡಿಯೋದಲ್ಲಿ ಹೇಳಬೇಕು. ಇತರರು ಹೇಳುವುದನ್ನು ಕೇಳಿ, ಯಾರು ಎಲ್ಲಿದ್ದಾರೆಂಬ ಚಿತ್ರವನ್ನು ತಲೆಯೊಳಗೆ ಬರೆದುಕೊಳ್ಳುತ್ತಿರಬೇಕು.

"ಕಣ್ಣಿಗೆ ಕಾಣೋದಿಲ್ಲೇನು? ಬಯಲು ಆಕಾಶ!" ಎಂದೆವು.

ಕಾಣುವುದಿಲ್ಲ. ನಮಗೆ ಹೊಸತೆನಿಸಿದ ಮೊದಲ ಸಂಗತಿ ಇದು. ಸೆಸ್ನಾದ ರೆಕ್ಕೆ ಚಾಲಕನ ತಲೆಯ ಮೇಲಿರುತ್ತದೆ. ವಿಮಾನ ಎಡಕ್ಕೆ ತಿರುಗುವಾಗ ಎಡರೆಕ್ಕೆ ಕೆಳಗೆ ವಾಲಿ, ತಾನು ಹೋಗಬೇಕಾದ ದಿಕ್ಕನ್ನೇ ಮರೆಮಾಡಿಬಿಡುತ್ತದೆ. ಇನ್ನು ಕೆಲವು ವಿಮಾನಗಳಿಗೆ ರೆಕ್ಕೆ ಕೆಳಗಿರುತ್ತದೆ. ಅವುಗಳಿಗೆ ಕೆಳಗಿನದು ಕಾಣದು. ಕೆಳರೆಕ್ಕೆಯ ವಿಮಾನ ಮೇಲೆ, ಮೇಲ್ರೆಕ್ಕೆಯ ವಿಮಾನ ಅದರ ಕೆಳಗೆ, ಎರಡೂ ಒಂದೇ ರನ್‌ವೇಯತ್ತ ಇಳಿಯುತ್ತಿದ್ದರೆ ಒಬ್ಬರಿಗೊಬ್ಬರು ಕಾಣುವುದೇ ಇಲ್ಲ.

ಎರಡನೆಯದು ಇನ್ನೂ ಸೋಜಿಗದ್ದು. "ಎದುರಿನ ಗಾಜಿನ ಮ್ಯಾಲೆ ಒಂದು ಚುಕ್ಕಿ ಕಾಣ್ತೈತೆ ಅಂದ್ಕೊಳ್ರಿ. ಅದು ಅತ್ತಗೋ ಇತ್ತಗೋ ಸರೀತಿದ್ರೆ ಭಯ ಇಲ್ಲ. ಕದಲದಂಗೆ ಅಲ್ಲೇ ನಿಂತು ದೊಡ್ಡದಾಗ್ತಿದ್ರೆ, ಅದು ನಮಗೇ ಬಂದು ಬಡೀತೈತೆ." ಓಡಾಡುವುದರ ಕಡೆಗೆ ಕಣ್ಣು ತಾನಾಗಿ ಹೋಗುತ್ತದೆ, ನಿಂತದ್ದರ ಕಡೆಗೆ ಹೋಗುವುದಿಲ್ಲ, ಆಕಾಶದಲ್ಲಿ ಅಪಾಯ ನಿಂತಂತೆ ಕಾಣುತ್ತದೆ! ಇಳಿಯುವಾಗ ಇದೇ ನಿಯಮ ಉಪಕಾರಿಯೂ ಹೌದು. ನೆಲದ ಮೇಲೆ ಯಾವ ಜಾಗ ಗಾಜಿನಲ್ಲಿ ಮೇಲಕ್ಕೂ ಹೋಗದೆ ಕೆಳಕ್ಕೂ ಜಾರದೆ ನಿಂತಿದೆಯೋ, ಹಾಗೇ ಇಳಿಯುತ್ತ ಹೋದರೆ ವಿಮಾನ ಸೇರುವುದು ಆ ಜಾಗಕ್ಕೇ. ಅಂಬಿಗನ ಹುಣಿಸೇಮರ ನಮಗೆ ನೆನಪಾಯಿತು. ಅಡ್ಡಗಾಳಿ ಇದ್ದರೆ ವಿಮಾನದ ಮೂಗನ್ನು ಗಾಳಿಯ ಕಡೆಗೆ ಓರೆಯಾಗಿ ಹಿಡಿದೇ ನೇರ ದಾರಿಯಲ್ಲಿ ಬರಬೇಕೆಂದು ಅವನು ಹೇಳಿದಾಗಲಂತೂ, ಹರಿಗೋಲನ್ನು ಮೇಲಕ್ಕೆ ಎಳೆದೊಯ್ದ ಆ ಮುದುಕ ಶಾಲೆಗೆ ಹೋಗದೆಯೇ ಇದನ್ನು ಬಲ್ಲವನಾಗಿದ್ದ ಎನಿಸಿತು.

ಕಣ್ಣು ಮೋಸವನ್ನೂ ಮಾಡುತ್ತದಂತೆ. ಅಗಲವಾದ ರನ್‌ವೇ ಕಂಡು ಅಭ್ಯಾಸವಾದವನು ಕಿರಿದಾದ ರನ್‌ವೇ ಕಂಡರೆ ತಾನು ಬಹಳ ಎತ್ತರದಲ್ಲಿದ್ದೇನೆಂದು ಭ್ರಮಿಸಿ ಬೇಗ ಕೆಳಗಿಳಿಯುತ್ತಾನೆ. ರನ್‌ವೇ ಮುಂದಕ್ಕೆ ಏರಾಗಿದ್ದರೂ ಇದೇ ಭ್ರಮೆ. ನಮ್ಮ ಸೀಮೆಯ ಬಿಸಿಲಿನದು ಬೇರೆ ಕಥೆ: ಕಾದ ಗಾಳಿ ತೆಳುವಾಗಿರುವುದರಿಂದ ವೇಗಮಾಪಕ ಎಂದಿನ ಅಂಕಿಯನ್ನೇ ತೋರಿಸಿದರೂ ವಿಮಾನ ನಿಜವಾಗಿ ಹೆಚ್ಚು ವೇಗದಲ್ಲಿರುತ್ತದೆ, ನಿಲ್ಲಲು ಹೆಚ್ಚು ದೂರ ಬೇಡುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಅವನು ತನ್ನದೇ ಒಂದು ಸಂಗತಿ ಹೇಳಿದ. ಒಬ್ಬನೇ ಹಾರಲು ಬಿಟ್ಟ ಹೊಸತು. ಮುಂದೆ ಇನ್ನೊಂದು ವಿಮಾನ ನಿಧಾನವಾಗಿ ಇಳಿಯುತ್ತಿತ್ತು. ಅದು ರನ್‌ವೇ ಬಿಟ್ಟು ಬದಿಗೆ ಸರಿಯುತ್ತದೋ ಇಲ್ಲವೋ ಎಂದು ಇವನು ಅದನ್ನೇ ದಿಟ್ಟಿಸುತ್ತ ಬೇಸ್‌ನಲ್ಲಿ ಬಂದ. ಗಾಳಿ ಹಿಂದಿನಿಂದ ತಳ್ಳುತ್ತಿದ್ದುದು ಗಮನಕ್ಕೆ ಬರಲಿಲ್ಲ. ತಿರುಗಬೇಕಾದ ಜಾಗ ದಾಟಿಹೋಯಿತು. ರನ್‌ವೇಯ ಗೆರೆ ಪಕ್ಕಕ್ಕೆ ಜಾರಿದ್ದು ಕಂಡು ಗಾಬರಿಯಾಗಿ, ಅದನ್ನು ಹಿಡಿದೇ ತೀರುತ್ತೇನೆಂದು ವಿಮಾನವನ್ನು ಕಡಿದಾಗಿ ವಾಲಿಸಿ ಎಳೆದ. ಇಲ್ಲಿ ಸ್ವಲ್ಪ ವಿಜ್ಞಾನ ಬೇಕು. ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲು ಒಂದು ಕನಿಷ್ಠ ವೇಗ ಬೇಕು. ಅದಕ್ಕಿಂತ ಕಡಿಮೆಯಾದರೆ ರೆಕ್ಕೆಗೆ ಗಾಳಿಯ ಆಸರೆ ತಪ್ಪುತ್ತದೆ. ಎತ್ತರ ಕಳೆದುಕೊಳ್ಳದಂತೆ 60 ಡಿಗ್ರಿ ವಾಲಿ ತಿರುಗಿದರೆ ಆ ಕನಿಷ್ಠ ವೇಗವೇ ಸುಮಾರು ಶೇಕಡ 40ರಷ್ಟು ಏರಿಬಿಡುತ್ತದೆ. ನೇರ ಹಾರುವಾಗ ಸಾಕಾಗಿದ್ದ ವೇಗ ತಿರುವಿನಲ್ಲಿ ಸಾಲದೆ ಹೋಗುತ್ತದೆ. ಮೇಲೆ 5,000 ಅಡಿಯಲ್ಲಾದರೆ ಬಿದ್ದ ವಿಮಾನ ಸಾವರಿಸಿಕೊಳ್ಳಬಹುದು. 500 ಅಡಿಯಲ್ಲಿ ಅದಕ್ಕೆ ಜಾಗವಿಲ್ಲ.

"ಪೀಪಿ ಊದಿದಂಗೆ ಸದ್ದು ಬಂತು ಮಾಮ. ರೆಕ್ಕಿ ಬಿಡ್ತೈತೆ ಅಂತ ಎಚ್ಚರಿಸೋ ಸದ್ದು ಅದು. ಆವಾಗ ಬುದ್ಧಿ ಬಂತು. ಗೆರಿ ಬಿಟ್ಟುಕೊಟ್ಟೆ." ಮೂಗು ತಗ್ಗಿಸಿ, ರೆಕ್ಕೆಗಳನ್ನು ಸಮಮಾಡಿ, ಎಂಜಿನ್ನಿಗೆ ಪೂರ್ತಿ ಬಲ ಕೊಟ್ಟು ಮೇಲಕ್ಕೆ ಹೋದ. ಮತ್ತೊಂದು ಸುತ್ತು ಹಾಕಿ ಬಂದು ಇಳಿದ. ಹೀಗೆ ಇಳಿಯುವುದನ್ನು ಬಿಟ್ಟು ಮೇಲೇರುವುದಕ್ಕೆ ಗೋ ಅರೌಂಡ್ ಎಂದು ಹೆಸರು. ಅದರಿಂದ ಚಾಲಕನ ಮಾನಕ್ಕೇನೂ ಕುಂದಿಲ್ಲವೆಂದು ಎಲ್ಲ ಪಾಠಗಳಲ್ಲೂ ಹೇಳಿರುತ್ತಾರಂತೆ. ಆದರೂ ಇಳಿಯಲು ಹೊರಟವನ ಮನಸ್ಸು ಇಳಿಯುವುದನ್ನೇ ಹಿಡಿದುಕೊಂಡಿರುತ್ತದೆ. ಊಟಕ್ಕೆ ಕೂತವನನ್ನು ಎಬ್ಬಿಸಿದಂತೆ.

ನಾವು ಆ ರಾತ್ರಿ ನಿದ್ದೆ ಮಾಡಲಿಲ್ಲ. ಗಾಬರಿಗೊಂಡ ಅಕ್ಕನೂ ಮಾಡಿರಲಾರಳು.

ಚಿಕ್ಕ ವಿಮಾನದಲ್ಲಿ ಒಬ್ಬನೇ ಇರುವಾಗ ಹೀಗಾದರೆ ಹೊಸಬನೆನ್ನಬಹುದು. ದೊಡ್ಡ ವಿಮಾನಗಳಲ್ಲಿ ಇಬ್ಬರು ಅನುಭವಿಗಳಿರುತ್ತಾರೆ, ಗಣಕಯಂತ್ರಗಳಿರುತ್ತವೆ. ಆದರೂ 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ 320 ವಿಮಾನವು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ರನ್‌ವೇ ತಲುಪದೆ ಪಕ್ಕದ ಗಾಲ್ಫ್ ಮೈದಾನದಲ್ಲಿ ಬಿತ್ತು. ಹಗಲು ಹೊತ್ತು, ತಿಳಿಯಾದ ಆಕಾಶ. 146 ಜನರಲ್ಲಿ 92 ಜನ ತೀರಿಕೊಂಡರು. ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರು ವಿಚಾರಣೆ ನಡೆಸಿದರು. ಇಳಿತದ ವೇಗವನ್ನು ನಿಗದಿಮಾಡುವ ಗುಂಡಿಯ ಬದಲು ಎತ್ತರದ ಗುಂಡಿಯನ್ನು ತಿರುಗಿಸಿರಬಹುದು ಎಂಬುದು ಹೊರಬಂದ ಊಹೆ. ಊಹೆ ಏನೇ ಇರಲಿ, ಎಂಜಿನ್ನುಗಳು ಕನಿಷ್ಠ ಬಲದಲ್ಲಿ ಉಳಿದುವು, ವೇಗ ಇಳಿಯುತ್ತ ಹೋಯಿತು, ವೇಗಮಾಪಕ ಅದನ್ನು ತೋರಿಸುತ್ತಲೇ ಇತ್ತು. ಇಬ್ಬರಲ್ಲಿ ಒಬ್ಬರಿಗಾದರೂ ಹೊಳೆಯುವಷ್ಟರಲ್ಲಿ ನೆಲ ಬಂದಿತ್ತು. ಯಂತ್ರ ನೋಡಿಕೊಳ್ಳುತ್ತದೆ ಎಂಬ ನಂಬಿಕೆಯೇ ಎಷ್ಟು ದುಬಾರಿಯಾಯಿತು ನೋಡಿ.

ಇನ್ನೊಂದು ಘಟನೆ ನಮ್ಮ ಜಿಲ್ಲೆಯದೇ. ಇಳಿಯುವಾಗ ಆದದ್ದಲ್ಲ, ಹೆಲಿಕಾಪ್ಟರಿನದು, ಆದರೂ ಹೇಳಬೇಕು. 2009ರ ಸೆಪ್ಟೆಂಬರ್ 2ರಂದು ಮುಖ್ಯಮಂತ್ರಿ ವೈ. ಎಸ್. ರಾಜಶೇಖರರೆಡ್ಡಿ ಅವರೂ ಇತರ ನಾಲ್ವರೂ ಹೈದರಾಬಾದಿನಿಂದ ಚಿತ್ತೂರಿನ ಕಡೆಗೆ ಹೊರಟು ನಲ್ಲಮಲ ಕಾಡಿನ ಪಾವುರಾಲಗುಟ್ಟದಲ್ಲಿ ಮಡಿದರು. ಮೋಡ ಮಳೆಗಳ ನಡುವೆ ಕೆಳಕ್ಕೆ ನುಗ್ಗುವ ಬಲವಾದ ಗಾಳಿಗೆ ಸಿಕ್ಕಿ ಹತೋಟಿ ತಪ್ಪಿತೆಂದು ತನಿಖಾ ಸಮಿತಿ ಹೇಳಿತು. ಅದಕ್ಕೆ ಸ್ವಲ್ಪ ಮೊದಲು ಚಾಲಕರಿಬ್ಬರ ಗಮನವೆಲ್ಲ ತೈಲದ ಒತ್ತಡದ ಸೂಚನೆಯೊಂದಕ್ಕೆ ಏನು ಮಾಡಬೇಕೆಂದು ತುರ್ತು ಪುಸ್ತಕದಲ್ಲಿ ಹುಡುಕುವುದರಲ್ಲಿತ್ತು. ಪುಸ್ತಕ ನೋಡಿದ್ದು ತಪ್ಪಲ್ಲ. ಒಬ್ಬರು ಪುಸ್ತಕ ನೋಡಿದರೆ ಇನ್ನೊಬ್ಬರು ಆಕಾಶ ನೋಡಬೇಕಿತ್ತು.

ಮಂಗಳೂರಿನ ಸಂಗತಿಯನ್ನು ಅಳಿಯ ಹೇಳಬೇಕಾಗಿರಲಿಲ್ಲ. ನಾವಿಬ್ಬರೂ ಅದನ್ನು ಒಂದೇ ಪತ್ರಿಕೆಯಲ್ಲಿ ಓದಿದ್ದೆವು. 2010ರ ಮೇ 22. ಆಗ ಅವನು ಇನ್ನೂ ಕುಂಟುತ್ತಿದ್ದ. ದುಬಾಯಿಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ನೆತ್ತಿಯ ರನ್‌ವೇ ಮೀರಿ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು 8 ಮಂದಿ. ವಿಚಾರಣೆಯ ವರದಿ ಹೊರಬಂದ ಮೇಲೆ ತಿಳಿದದ್ದಿಷ್ಟು: ಧ್ವನಿಮುದ್ರಿಕೆಯ 2 ಗಂಟೆ 5 ನಿಮಿಷಗಳಲ್ಲಿ ಮೊದಲ 1 ಗಂಟೆ 40 ನಿಮಿಷ ಚಾಲಕರ ನಡುವೆ ಮಾತಿಲ್ಲ, ಕೇಳುವುದು ಗೊರಕೆ. ಮುಖ್ಯ ಚಾಲಕರು ನಿದ್ದೆಯಿಂದ ಎದ್ದು ಇಳಿಸಲು ಕೂತಾಗ ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಸಹಚಾಲಕರು ಮೂರು ಸಲ ಗೋ ಅರೌಂಡ್ ಎಂದರು. ನೆಲದ ಎಚ್ಚರಿಕೆಯ ಯಂತ್ರವೂ ಕೂಗಿತು. ಮುಖ್ಯ ಚಾಲಕರು ಇಳಿಸಿಯೇ ಬಿಟ್ಟರು. 8,033 ಅಡಿ ಉದ್ದದ ರನ್‌ವೇಯಲ್ಲಿ ಚಕ್ರ ನೆಲಕ್ಕೆ ತಾಗಿದಾಗ ಸುಮಾರು 5,200 ಅಡಿ ಕಳೆದುಹೋಗಿತ್ತು.

"ಮೂರು ಸಲ ಹೇಳಿದ್ದಾರಲ್ಲ ಮಾಮ" ಎಂದ ಅಳಿಯ. ಅಷ್ಟೇ ಎಂದ. ಕೈ ಮೀನಖಂಡದ ಗುರುತನ್ನು ಸವರುತ್ತಿತ್ತು. ಅದು ಅವನ ಅಭ್ಯಾಸ, ನಮಗೆ ಚುಚ್ಚಬೇಕೆಂದಲ್ಲ. ನಮ್ಮ ಹುಡುಗ ಒಂದೇ ಸಲ ಹೇಳಿದ್ದ. ಎರಡನೆಯ ಸಲ ಹೇಳಲು ನಾವು ಬಿಟ್ಟಿರಲಿಲ್ಲ.

ಅಮೆರಿಕದ ಮೈಕಾ ಎಂಡ್‌ಸ್ಲಿ ಎಂಬ ವಿದುಷಿ ಈ ಎಚ್ಚರವನ್ನು ಮೂರು ಮೆಟ್ಟಿಲುಗಳಾಗಿ ವಿಂಗಡಿಸಿದ್ದಾರೆ: ಸುತ್ತಲಿರುವುದನ್ನು ಕಾಣುವುದು, ಕಂಡದ್ದರ ಅರ್ಥ ತಿಳಿಯುವುದು, ಮುಂದೇನಾದೀತೆಂದು ಊಹಿಸುವುದು. 1995ರಲ್ಲಿ ಅವರು ಪ್ರಕಟಿಸಿದ ಈ ವಿಚಾರವನ್ನು ಜಗತ್ತಿನ ಎಲ್ಲೆಡೆ ವಿಮಾನ ಕಲಿಯುವವರಿಗೆ ಹೇಳಿಕೊಡುತ್ತಾರೆ. ಮಾತಿನ ಬಗೆಗೂ ಅಲ್ಲಿ ಒಂದು ಕಟ್ಟಳೆ ಇದೆ. 1974ರಲ್ಲಿ ಅಮೆರಿಕದ ಶಾರ್ಲಟ್ ನಗರದಲ್ಲಿ ವಿಮಾನವೊಂದು ಮಂಜಿನಲ್ಲಿ ಇಳಿಯುವಾಗ ಚಾಲಕರು ರಾಜಕೀಯ, ಹಳೆಯ ಕಾರುಗಳು ಎಂದು ಹರಟುತ್ತ ಎತ್ತರ ಮರೆತರು. ಆ ಬಳಿಕ 1981ರಿಂದ ಅಲ್ಲಿ, ಏರಿಳಿಯುವ ಹೊತ್ತಿನಲ್ಲಿ 10,000 ಅಡಿಗಿಂತ ಕೆಳಗೆ ಕೆಲಸಕ್ಕೆ ಬೇಡದ ಮಾತು ನಿಷಿದ್ಧ. ನಮ್ಮ ಸೀಮೆಯ ಬಸ್ಸುಗಳಿಗೂ ಆಟೋಗಳಿಗೂ ಈ ಕಟ್ಟಳೆ ಯಾವಾಗ ಬರುವುದೋ! ಸೈಕಲ್ಲಿನ ಬಾಡಿಗೆಗೆ ಪಂಚಾಯಿತಿ ಮಾಡಿದ ನಾವು ಈ ಮಾತು ಆಡಬಾರದು, ಬಿಡಿ.

ರಜೆ ಮುಗಿದ ಮೇಲೆ ಅಳಿಯನನ್ನು ಶಾಲೆಗೆ ಕರೆತಂದೆವು. ಒಂಬತ್ತನೆಯ ತರಗತಿಯ ಮುಂದೆ ಅದೇ ಚೌಕವನ್ನು ಹಲಗೆಯ ಮೇಲೆ ಬರೆದು ವಿವರಿಸಿದ. ಓರ್ವಕಲ್ಲಿನಲ್ಲಿ 2021ರಲ್ಲಿ ತೆರೆದ ನಿಲ್ದಾಣವನ್ನು ನೋಡಿಬಂದ ಇಬ್ಬರು ಹುಡುಗರು ನೂರು ಪ್ರಶ್ನೆ ಕೇಳಿದರು. ಕೊನೆಗೆ ಮೂಲೆಯ ಬೆಂಚಿನಿಂದ ಒಬ್ಬಳು ಹುಡುಗಿ ಎದ್ದು ನಿಂತಳು.

"ಅಣ್ಣಾ, ಚಿಕ್ಕೋರು ಹೇಳಿದ್ದನ್ನ ದೊಡ್ಡೋರು ಕೇಳದಿದ್ರೆ ಏನು ಮಾಡಬೇಕು?"

"ಇನ್ನೊಂದು ಸಲ ಗಟ್ಟಿಯಾಗಿ ಹೇಳಬೇಕು. ಆಗಲೂ ಉತ್ತರ ಬರದಿದ್ರೆ, 'ನನ್ನ ಕೈಗೆ ಬಿಡಿ' ಅಂತ ಹೇಳಿ ಚಿಕ್ಕೋನೇ ವಿಮಾನ ಹಿಡೀಬೇಕು. ಹಂಗಂತ ಕಲಿಸಿರ್ತಾರೆ."

ಹುಡುಗಿ ಕೂರಲಿಲ್ಲ. ನಮ್ಮ ಕಡೆ ಓರೆಗಣ್ಣಿನಿಂದ ನೋಡಿ, "ಆ ದೊಡ್ಡೋರು ಮೇಷ್ಟ್ರಾಗಿದ್ರೆ?" ಎಂದಳು.

ತರಗತಿ ಗೊಳ್ಳೆಂದು ನಕ್ಕಿತು. ಅಳಿಯ ನಗಲಿಲ್ಲ. ನಮ್ಮನ್ನು ನೋಡಿ, "ಅದನ್ನ ಮಾಮನ್ನೇ ಕೇಳಮ್ಮ" ಎಂದ. ನಾವು ಗಂಟಲು ಸರಿಪಡಿಸಿಕೊಂಡು, ನಾಗಲದಿನ್ನೆಯ ಹರಿಗೋಲಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ, ಗದರಿದ ಮಾತನ್ನೂ ಬಿಡದೆ, ಹೇಳಿದೆವು. ಹದಿಮೂರರ ಆ ಹುಡುಗ ಈತನೇ ಎಂದು ಹೇಳಿದಾಗ ಯಾರೂ ನಗಲಿಲ್ಲ.

ಮರುದಿನ ಬೆಳಗ್ಗೆ ಮೊದಲ ಪಿರಿಯಡ್ಡು ನಮ್ಮದೇ. ಹಲಗೆಯ ಮೇಲೆ ತಾರೀಖು ಬರೆದು ತಿರುಗುವಷ್ಟರಲ್ಲಿ ಆ ಹುಡುಗಿಯೇ ಕೈ ಎತ್ತಿದಳು. "ಸಾರ್, ನಿನ್ನೆ ತಾರೀಖು ಬರೆದೀರಿ." ನಾವು ಹಲಗೆ ಒರೆಸುವ ಬಟ್ಟೆ ಹುಡುಕಿದೆವು.